ಸಾರ್ವಜನಿಕ ಸ್ಥಳಗಳಲ್ಲಿ ಕಾರ್ಡ್ ಕಳ್ಳತನದಿಂದ ಪಾರಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಡ್ ನನ್ನ ಜೇಬಿನಲ್ಲೇ ಇದೆ. ಆದರೂ ಖಾತೆಯಿಂದ ಹಣ ಹೋಗುವುದು ಹೇಗೆ?

ಕಾರ್ಡ್ ಕೈಬಿಟ್ಟು ಹೋಗುವುದು ಒಂದು ಬಗೆಯ ಕಳ್ಳತನವಾದರೆ, ಕಾರ್ಡ್ ನಿಮ್ಮಲ್ಲೇ ಉಳಿದು ಅದರ ಮಾಹಿತಿಯಷ್ಟೇ ಕಳುವಾಗುವುದು ಇನ್ನೊಂದು ಬಗೆ. ಪರ್ಸ್ ಕಾಣೆಯಾದರೆ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗಿಬಿಡುತ್ತದೆ. ಮಾಹಿತಿ ಕಾಣೆಯಾದದ್ದು ಮಾತ್ರ ಯಾರೋ ಎಲ್ಲೋ ಅದನ್ನು ಬಳಸಿದ ಮೇಲೆಯೇ ತಿಳಿಯುತ್ತದೆ, ಕೆಲವೊಮ್ಮೆ ವಾರಗಳು ಕಳೆದ ಮೇಲೆ. ಕಳ್ಳನಿಗೆ ಸಾಮಾನ್ಯವಾಗಿ ಎರಡು ವಸ್ತುಗಳು ಬೇಕು: ಕಾರ್ಡ್ ಅಥವಾ ಅದರ ಮಾಹಿತಿ ಒಂದು, ಅದನ್ನು ನಿಮ್ಮದೆಂದು ಸಾಧಿಸುವ ಗುಟ್ಟು ಇನ್ನೊಂದು. ಆ ಗುಟ್ಟು ಪಿನ್ ಆಗಿರಬಹುದು, ಹಿಂಬದಿಯ ಮೂರಂಕಿಯ ಸಿವಿವಿ ಆಗಿರಬಹುದು, ಫೋನಿಗೆ ಬರುವ ಓಟಿಪಿ ಆಗಿರಬಹುದು. ಕೆಳಗೆ ಹೇಳಿರುವ ಎಚ್ಚರಿಕೆಗಳೆಲ್ಲ ಈ ಎರಡೂ ಒಬ್ಬನ ಕೈಗೆ ಒಟ್ಟಿಗೆ ಸಿಗದಂತೆ ನೋಡಿಕೊಳ್ಳುವ ದಾರಿಗಳು.

ಕಾರ್ಡಿನಲ್ಲಿ ಚಿಪ್ ಇದ್ದ ಮೇಲೆ ನಕಲು ಮಾಡಲು ಸಾಧ್ಯವೇ?

ಚಿಪ್ಪಿನ ನಕಲು ತಯಾರಿಸುವುದು ಬಹಳ ಕಷ್ಟ. ಯುರೋಪೇ, ಮಾಸ್ಟರ್‌ಕಾರ್ಡ್ ಮತ್ತು ವೀಸಾ ಕಂಪನಿಗಳು 1990ರ ದಶಕದಲ್ಲಿ ಸೇರಿ ರೂಪಿಸಿದ ಇಎಂವಿ ಎಂಬ ಮಾನದಂಡದ ಪ್ರಕಾರ, ಚಿಪ್ ಪ್ರತಿಯೊಂದು ವಹಿವಾಟಿಗೂ ತನ್ನೊಳಗಿನ ರಹಸ್ಯ ಕೀಲಿಯಿಂದ ಹೊಸದೊಂದು ಸಂಕೇತವನ್ನು ಲೆಕ್ಕ ಹಾಕಿ ಕೊಡುತ್ತದೆ. ಇವತ್ತಿನ ಸಂಕೇತವನ್ನು ಕದ್ದರೂ ನಾಳೆ ಅದು ಕೆಲಸಕ್ಕೆ ಬಾರದು. ಕೀಲಿಯಂತೂ ಚಿಪ್ ಬಿಟ್ಟು ಹೊರಗೆ ಬರುವುದೇ ಇಲ್ಲ.

ತೊಂದರೆ ಇರುವುದು ಹಿಂಬದಿಯ ಕಪ್ಪು ಮ್ಯಾಗ್ನೆಟಿಕ್ ಪಟ್ಟಿಯಲ್ಲಿ. ಅದರಲ್ಲಿ ಬರೆದಿರುವುದು ಎಂದೂ ಬದಲಾಗದ ಮಾಹಿತಿ. ಒಮ್ಮೆ ಓದಿಕೊಂಡವನು ಅದನ್ನು ಖಾಲಿ ಕಾರ್ಡೊಂದರ ಮೇಲೆ ಹಾಗೆಯೇ ಬರೆದುಬಿಡಬಹುದು, ಮತ್ತು ಪಟ್ಟಿಯನ್ನು ಇನ್ನೂ ಒಪ್ಪುವ ಯಂತ್ರ ಆ ಎರಡರ ನಡುವೆ ವ್ಯತ್ಯಾಸ ಕಾಣದು. ಚಿಪ್ ಬಂದು ದಶಕಗಳಾದರೂ ಹಳೆಯ ಯಂತ್ರಗಳಿಗಾಗಿ ಪಟ್ಟಿಯನ್ನು ಉಳಿಸಿಕೊಂಡಿದ್ದಾರೆ. ತನ್ನ ಹೊಸ ಕಾರ್ಡುಗಳಲ್ಲಿ ಪಟ್ಟಿಯನ್ನು ಹಂತಹಂತವಾಗಿ ಕೈಬಿಟ್ಟು, 2033ರ ಹೊತ್ತಿಗೆ ಪೂರ್ತಿ ಇಲ್ಲವಾಗಿಸುವುದಾಗಿ ಮಾಸ್ಟರ್‌ಕಾರ್ಡ್ 2021ರಲ್ಲಿ ಪ್ರಕಟಿಸಿತು. ಅಲ್ಲಿಯವರೆಗೆ ನೀವು ಪಾಲಿಸಬೇಕಾದ ಸರಳ ನಿಯಮವೆಂದರೆ, ಚಿಪ್ ಅಥವಾ ಟ್ಯಾಪ್ ನಡೆಯುವ ಕಡೆ ಕಾರ್ಡನ್ನು ಉಜ್ಜಬಾರದು. ‘ಚಿಪ್ ಓದುತ್ತಿಲ್ಲ, ಸ್ವೈಪ್ ಮಾಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಬೇರೆ ರೀತಿಯಲ್ಲಿ ಹಣ ಕೊಡುವುದು ಮೇಲು.

ಸ್ಕಿಮ್ಮರ್ ಎಂದರೇನು? ಎಟಿಎಂನಲ್ಲಿ ಅದನ್ನು ಪತ್ತೆ ಹಚ್ಚುವುದು ಹೇಗೆ?

ಕಾರ್ಡ್ ತೂರಿಸುವ ಬಾಯಿಯ ಮೇಲೆ ಅಥವಾ ಒಳಗೆ ಕಳ್ಳರು ಕೂರಿಸುವ, ಮ್ಯಾಗ್ನೆಟಿಕ್ ಪಟ್ಟಿಯನ್ನು ಓದಿ ದಾಖಲಿಸಿಕೊಳ್ಳುವ ಪುಟ್ಟ ಉಪಕರಣವೇ ಸ್ಕಿಮ್ಮರ್. ಎಟಿಎಂನಲ್ಲಿ ನಿಮ್ಮ ವಹಿವಾಟು ಎಂದಿನಂತೆ ನಡೆಯುತ್ತದೆ, ಹಣವೂ ಬರುತ್ತದೆ. ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಪೆಟ್ರೋಲ್ ಪಂಪುಗಳು, ಟಿಕೆಟ್ ಯಂತ್ರಗಳು, ಪಾರ್ಕಿಂಗ್ ಯಂತ್ರಗಳು ಹೀಗೆ ಕಾವಲಿಲ್ಲದೆ ನಿಂತಿರುವ ಯಾವುದಕ್ಕೂ ಇದನ್ನು ಅಂಟಿಸಬಹುದು.

ಪತ್ತೆ ಹಚ್ಚಲು ಕಣ್ಣಿಗಿಂತ ಕೈ ಹೆಚ್ಚು ಉಪಯುಕ್ತ. ಕಾರ್ಡ್ ಹಾಕುವ ಮೊದಲು ಆ ಬಾಯಿಯ ಅಂಚನ್ನು ಹಿಡಿದು ತುಸು ಬಲವಾಗಿಯೇ ಎಳೆದು, ಅಲುಗಾಡಿಸಿ ನೋಡಿ. ಬ್ಯಾಂಕ್ ಕೂರಿಸಿದ ಭಾಗ ಅಲುಗುವುದಿಲ್ಲ. ಗೋಂದು ಅಥವಾ ಎರಡು ಬದಿಯ ಟೇಪಿನಿಂದ ಅಂಟಿಸಿದ್ದು ಸಡಿಲವಾಗುತ್ತದೆ, ಎಷ್ಟೋ ಬಾರಿ ಕೈಗೇ ಕಿತ್ತು ಬರುತ್ತದೆ. ಬಣ್ಣದ ಛಾಯೆ ಉಳಿದ ಯಂತ್ರಕ್ಕೆ ಹೊಂದದಿರುವುದು, ಬಾಯಿಯ ಸುತ್ತಲಿನ ದೀಪ ಅರ್ಧ ಮುಚ್ಚಿಹೋಗಿರುವುದು, ಮುದ್ರಿತ ಬಾಣದ ಗುರುತು ಯಾವುದೋ ಪಟ್ಟಿಯ ಕೆಳಗೆ ತುಂಡಾಗಿರುವುದು, ಕೀಪ್ಯಾಡ್ ಸುತ್ತಲಿನ ತಟ್ಟೆಗಿಂತ ಎತ್ತರವಾಗಿ ಕೂತಿರುವುದು ಅಥವಾ ಒತ್ತಿದಾಗ ಮೆತ್ತಗೆ ಎನಿಸುವುದು, ಇವೆಲ್ಲ ಅನುಮಾನಕ್ಕೆ ತಕ್ಕ ಕಾರಣಗಳು. ಒಂದರ ಪಕ್ಕ ಇನ್ನೊಂದು ಎಟಿಎಂ ಇದ್ದರೆ ಎರಡನ್ನೂ ಹೋಲಿಸಿ ನೋಡುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಒಂದೇ ಮಾದರಿಯ ಎರಡು ಯಂತ್ರಗಳಲ್ಲಿ ಒಂದಕ್ಕೆ ಮಾತ್ರ ಹೆಚ್ಚುವರಿ ಅಂಚು ಇರಲು ಒಳ್ಳೆಯ ಕಾರಣವೇನೂ ಇರಲಾರದು.

ಈ ಪರೀಕ್ಷೆಗೂ ಮಿತಿ ಇದೆ. ಬಾಯಿಯ ಒಳಗೇ ಆಳದಲ್ಲಿ ಕೂರುವ ತೆಳುವಾದ ಸ್ಕಿಮ್ಮರುಗಳು ಹೊರಗಿನಿಂದ ಕಾಣುವುದೂ ಇಲ್ಲ, ಅಲುಗಾಡಿಸಿದರೆ ಸಿಗುವುದೂ ಇಲ್ಲ. ಪೆಟ್ರೋಲ್ ಪಂಪಿನಲ್ಲಿ ಮುಚ್ಚಳ ತೆರೆದು ಒಳಗಿನ ತಂತಿಗೇ ಜೋಡಿಸಿಬಿಡುವುದುಂಟು. ಆದ್ದರಿಂದ ‘ನಾನು ಎಳೆದು ನೋಡಿದೆ, ಇನ್ನು ಭಯವಿಲ್ಲ’ ಎಂದು ಪಿನ್ ಮರೆಮಾಡುವುದನ್ನು ಬಿಡಬೇಡಿ. ಬೀದಿ ಬದಿಯ ಒಂಟಿ ಯಂತ್ರಕ್ಕಿಂತ ಬ್ಯಾಂಕ್ ಶಾಖೆಯ ಒಳಗಿರುವ, ಜನರ ಓಡಾಟವೂ ಸಿಬ್ಬಂದಿಯ ಕಣ್ಣೂ ಇರುವ ಯಂತ್ರವನ್ನು ಆರಿಸಿಕೊಳ್ಳುವುದರಿಂದ ಆಗುವ ಲಾಭ ದೊಡ್ಡದು, ಏಕೆಂದರೆ ಉಪಕರಣ ಅಂಟಿಸುವವನಿಗೆ ಬೇಕಾದದ್ದು ಯಾರೂ ನೋಡದ ಕೆಲವು ನಿಮಿಷಗಳು.

ಶಿಮ್ಮರ್ ಎಂಬ ಹೆಸರನ್ನೂ ಕೇಳಿದ್ದೇನೆ. ಅದು ಬೇರೆಯೇ?

ಬೇರೆ. ಅದು ಕಾಗದದಷ್ಟು ತೆಳುವಾಗಿದ್ದು, ಕಾರ್ಡಿನ ಚಿಪ್ಪಿಗೂ ಯಂತ್ರದ ಓದುಗಕ್ಕೂ ನಡುವೆ ಕೂತು ಅವೆರಡರ ಮಾತುಕತೆಯನ್ನು ಕದ್ದು ಕೇಳುತ್ತದೆ. ಹೀಗೆ ಸಿಕ್ಕ ಮಾಹಿತಿಯಿಂದ ಇನ್ನೊಂದು ಚಿಪ್ ಮಾಡಲಾಗದು. ಮ್ಯಾಗ್ನೆಟಿಕ್ ಪಟ್ಟಿ ಬರೆಯಲು ಪ್ರಯತ್ನಿಸಬಹುದಾದರೂ, ಚಿಪ್ಪಿನಲ್ಲಿರುವ ಪರಿಶೀಲನಾ ಸಂಖ್ಯೆ ಪಟ್ಟಿಯಲ್ಲಿರುವುದಕ್ಕಿಂತ ಬೇರೆಯಾಗಿರುವುದರಿಂದ ಅದನ್ನು ಸರಿಯಾಗಿ ತಾಳೆ ನೋಡುವ ಬ್ಯಾಂಕಿನ ಮುಂದೆ ಆ ಆಟ ನಡೆಯದು. ಕಾರ್ಡ್ ತೂರಿಸುವಾಗ ಎಂದಿಗಿಂತ ಬಿಗಿಯಾಗಿ ಹೋದರೆ ಹೊರತೆಗೆದು ಬೇರೆ ಯಂತ್ರಕ್ಕೆ ಹೋಗಿ. ಟ್ಯಾಪ್ ಮಾಡಿ ಹಣ ತೆಗೆಯುವ ಸೌಲಭ್ಯ ಎಟಿಎಂನಲ್ಲಿದ್ದರೆ ಅದನ್ನೇ ಬಳಸಿ. ಬಾಯಿಯೊಳಗೆ ಕಾರ್ಡ್ ಹೋಗದಿದ್ದರೆ ಸ್ಕಿಮ್ಮರಿಗೂ ಶಿಮ್ಮರಿಗೂ ಕೆಲಸವಿಲ್ಲ.

ಪಿನ್ ಒತ್ತುವಾಗ ನಿಜಕ್ಕೂ ಕೈ ಅಡ್ಡ ಹಿಡಿಯಬೇಕೇ? ಸುತ್ತ ಯಾರೂ ಇಲ್ಲದಿದ್ದರೂ?

ಹೌದು, ಯಾರೂ ಇಲ್ಲದಿದ್ದರೂ ಹಿಡಿಯಬೇಕು. ಈ ಪುಟದಲ್ಲಿ ಒಂದೇ ಒಂದು ಅಭ್ಯಾಸವನ್ನು ಆರಿಸಿಕೊಳ್ಳಿ ಎಂದರೆ ಇದನ್ನೇ ಸೂಚಿಸಬೇಕಾಗುತ್ತದೆ. ಸ್ಕಿಮ್ಮರ್ ಕಾರ್ಡಿನ ಮಾಹಿತಿಯನ್ನು ಕದಿಯಬಲ್ಲದು, ಪಿನ್ ಕದಿಯಲಾರದು. ಅದಕ್ಕಾಗಿ ಕಳ್ಳರು ಕೀಪ್ಯಾಡಿನ ಮೇಲ್ಭಾಗದಲ್ಲೋ, ದೀಪದ ಪಟ್ಟಿಯಲ್ಲೋ, ಕರಪತ್ರ ಇಡುವ ಪೆಟ್ಟಿಗೆಯ ಬದಿಯಲ್ಲೋ ಸೂಜಿಮೊನೆಯಷ್ಟು ರಂಧ್ರದ ಹಿಂದೆ ಕ್ಯಾಮೆರಾ ಬಚ್ಚಿಟ್ಟಿರುತ್ತಾರೆ. ಬೆನ್ನ ಹಿಂದೆ ಯಾರೂ ಇಲ್ಲ ಎಂಬ ಸಮಾಧಾನ ಆ ಕ್ಯಾಮೆರಾದ ಮುಂದೆ ಉಪಯೋಗಕ್ಕೆ ಬಾರದು. ಒಂದು ಕೈಯಿಂದ ಒತ್ತುತ್ತ, ಇನ್ನೊಂದು ಅಂಗೈಯನ್ನು ಕೀಪ್ಯಾಡಿನ ಮೇಲೆ ಚಾವಣಿಯಂತೆ, ಮೇಲಿನಿಂದಲೂ ಎರಡೂ ಬದಿಯಿಂದಲೂ ಕಾಣದ ಹಾಗೆ ಹಿಡಿಯಿರಿ. ಅಂಗಡಿಯ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬದಲಿ ಕೀಪ್ಯಾಡನ್ನೇ ಮೇಲೆ ಹೊದಿಸಿದ್ದರೆ ಮಾತ್ರ ಕೈಮರೆಯಿಂದ ಪ್ರಯೋಜನವಿಲ್ಲ. ಅದಕ್ಕೇ ಮೇಲೆ ಹೇಳಿದ ಎತ್ತರ, ಮೆತ್ತಗೆ ಎಂಬ ಲಕ್ಷಣಗಳನ್ನು ಗಮನಿಸಬೇಕು.

ಬೆರಳಿನ ಬಿಸಿ ಉಳಿದಿರುವುದನ್ನು ಶಾಖ ಕ್ಯಾಮೆರಾದಿಂದ ಓದಿ ಪಿನ್ ಊಹಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಪ್ಲಾಸ್ಟಿಕ್ ಕೀಪ್ಯಾಡಿನಲ್ಲಿ ಅದು ಸಾಧ್ಯವೆಂದೂ ಲೋಹದ ಕೀಪ್ಯಾಡಿನಲ್ಲಿ ಬಿಸಿ ಬೇಗ ಹರಡಿಹೋಗುವುದರಿಂದ ಕೆಲಸ ಕೊಡದೆಂದೂ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ಚಿಂತೆಯಿದ್ದರೆ ಪಿನ್ ಹಾಕಿದ ಮೇಲೆ ಇನ್ನೂ ನಾಲ್ಕಾರು ಗುಂಡಿಗಳ ಮೇಲೆ ಒತ್ತದೆ ಬೆರಳಿಟ್ಟು ತೆಗೆಯಿರಿ. ಆದರೆ ಸಾಮಾನ್ಯ ಕಳ್ಳನಿಗೆ ನಿಮ್ಮ ಭುಜದ ಮೇಲಿಂದ ಇಣುಕುವುದೇ ಅಗ್ಗದ ದಾರಿ.

ಎಂಥ ಪಿನ್ ಇಟ್ಟುಕೊಳ್ಳಬೇಕು?

ನಾಲ್ಕಂಕಿಯ ಪಿನ್ ಎಂದರೆ ಹತ್ತು ಸಾವಿರ ಸಾಧ್ಯತೆಗಳು, ಮತ್ತು ಸಾಮಾನ್ಯವಾಗಿ ಮೂರು ತಪ್ಪು ಪ್ರಯತ್ನಗಳ ನಂತರ ಕಾರ್ಡ್ ನಿಷ್ಕ್ರಿಯವಾಗುತ್ತದೆ. ಕಣ್ಣು ಮುಚ್ಚಿ ಊಹಿಸುವವನಿಗೆ ಇದು ಸಾಕಷ್ಟು ದೊಡ್ಡ ತಡೆ. ನೀವು 1234, 0000 ಎಂದೋ ಹುಟ್ಟಿದ ದಿನಾಂಕವೆಂದೋ ಇಟ್ಟುಕೊಂಡರೆ ಆ ತಡೆಯನ್ನು ನೀವೇ ಕೆಡವಿದ ಹಾಗೆ, ಏಕೆಂದರೆ ಕದ್ದ ಪರ್ಸಿನಲ್ಲಿ ಹುಟ್ಟಿದ ದಿನಾಂಕವಿರುವ ಗುರುತಿನ ಚೀಟಿಯೂ ಇರುತ್ತದೆ. ಪಿನ್ ಬರೆದ ಚೀಟಿಯನ್ನು ಅದೇ ಪರ್ಸಿನಲ್ಲಿಡುವುದರ ಬಗ್ಗೆ ಹೇಳುವುದೇನೂ ಉಳಿದಿಲ್ಲ. ಎಲ್ಲ ಕಾರ್ಡುಗಳಿಗೂ ಫೋನಿಗೂ ಒಂದೇ ಸಂಖ್ಯೆ ಬೇಡ.

ಎಟಿಎಂ ನನ್ನ ಕಾರ್ಡನ್ನು ನುಂಗಿತು. ಪಕ್ಕದಲ್ಲಿದ್ದವರು ಸಹಾಯಕ್ಕೆ ಬಂದರು. ಏನು ಮಾಡಬೇಕು?

ಅವರ ಸಹಾಯವನ್ನು ವಿನಯದಿಂದ ಬೇಡವೆನ್ನಿ. ಬಾಯಿಯೊಳಗೆ ಪ್ಲಾಸ್ಟಿಕ್ ಪಟ್ಟಿಯ ಕುಣಿಕೆಯನ್ನು ಇಳಿಬಿಟ್ಟು ಕಾರ್ಡ್ ಸಿಕ್ಕಿಕೊಳ್ಳುವಂತೆ ಮಾಡುವುದು ಹಳೆಯ ಉಪಾಯ. ಆಗ ‘ನನಗೂ ಹೀಗೇ ಆಗಿತ್ತು, ಪಿನ್ ಇನ್ನೊಮ್ಮೆ ಒತ್ತಿ ನೋಡಿ’ ಎಂದು ಸಲಹೆ ಕೊಡಲು ಒಬ್ಬರು ಸಿದ್ಧವಾಗಿರುತ್ತಾರೆ. ನೀವು ಒತ್ತುತ್ತೀರಿ, ಅವರು ನೋಡಿಕೊಳ್ಳುತ್ತಾರೆ. ನೀವು ಬೇಸತ್ತು ಹೊರಟ ಮೇಲೆ ಕುಣಿಕೆ ಎಳೆದು ಕಾರ್ಡ್ ತೆಗೆದುಕೊಳ್ಳುತ್ತಾರೆ. ಕಾರ್ಡ್ ಹೊರಬರದಿದ್ದರೆ ಪಿನ್ ಮತ್ತೆ ಒತ್ತದೆ, ಅಲ್ಲೇ ನಿಂತು ಬ್ಯಾಂಕಿಗೆ ಕರೆ ಮಾಡಿ ಬ್ಲಾಕ್ ಮಾಡಿಸಿ. ಯಂತ್ರದ ಮೇಲೆ ಅಂಟಿಸಿರುವ ಸಹಾಯವಾಣಿ ಸಂಖ್ಯೆಯನ್ನು ಕುರುಡಾಗಿ ನಂಬಬೇಡಿ, ಅದನ್ನೂ ಕಳ್ಳರೇ ಅಂಟಿಸಿರಬಹುದು. ಬ್ಯಾಂಕಿನ ಸಂಖ್ಯೆ ಮೊದಲೇ ಫೋನಿನಲ್ಲಿರಲಿ.

ಇದರದೇ ಇನ್ನೊಂದು ರೂಪ ಕಾರ್ಡ್ ಬದಲಿಸುವುದು. ಹಣ ತೆಗೆಯಲು ತಿಣುಕುತ್ತಿರುವ ಹಿರಿಯರಿಗೆ ನೆರವಾಗುವ ನೆಪದಲ್ಲಿ ಕಾರ್ಡನ್ನು ಕೈಗೆ ತೆಗೆದುಕೊಂಡು, ಅದೇ ಬ್ಯಾಂಕಿನ, ಅದೇ ಬಣ್ಣದ ಬೇರೊಂದು ಕಾರ್ಡನ್ನು ಹಿಂದಿರುಗಿಸುತ್ತಾರೆ. ಯಂತ್ರದಿಂದ ಹಿಂದೆ ಸರಿಯುವ ಮೊದಲು ಕಾರ್ಡಿನ ಮೇಲಿನ ಹೆಸರನ್ನೋ ಕೊನೆಯ ನಾಲ್ಕು ಅಂಕಿಗಳನ್ನೋ ಓದಿಕೊಳ್ಳುವ ಅಭ್ಯಾಸವನ್ನು ಮನೆಯ ಹಿರಿಯರಿಗೆ ಕಲಿಸಿಕೊಡಿ. ‘ನಿಮ್ಮ ನೋಟು ಕೆಳಗೆ ಬಿತ್ತು’ ಎಂದು ಯಾರಾದರೂ ಹೇಳಿದರೂ ಕಾರ್ಡ್ ಕೈಗೆ ಬರುವ ತನಕ ಯಂತ್ರದಿಂದ ಕಣ್ಣು ತೆಗೆಯಬಾರದು.

ಬಸ್ಸು, ರೈಲಿನ ನೂಕುನುಗ್ಗಲಿನಲ್ಲಿ ಟ್ಯಾಪ್ ಕಾರ್ಡಿನಿಂದ ಹಣ ಎಳೆದುಕೊಳ್ಳುತ್ತಾರಂತೆ. ತಡೆಯುವ ಪರ್ಸ್ ಕೊಳ್ಳಬೇಕೇ?

ಕೊಂಡರೆ ನಷ್ಟವಿಲ್ಲ, ಕೊಳ್ಳದಿದ್ದರೂ ಚಿಂತೆಯಿಲ್ಲ. ಟ್ಯಾಪ್ ಕಾರ್ಡ್ 13.56 ಮೆಗಾಹರ್ಟ್ಸ್ ರೇಡಿಯೋ ತರಂಗದಲ್ಲಿ ಕೆಲವೇ ಸೆಂಟಿಮೀಟರ್ ದೂರಕ್ಕೆ ಮಾತ್ರ ಮಾತಾಡುವಂತೆ ರೂಪಿತವಾಗಿದೆ. ಹತ್ತಿರ ತಂದ ಓದುಗಕ್ಕೆ ಕಾರ್ಡ್ ಸಂಖ್ಯೆ ಮತ್ತು ಅವಧಿ ಸಿಗಬಹುದು. ಹಿಂಬದಿಯ ಸಿವಿವಿ ಸಿಗದು, ಪಿನ್ ಸಿಗದು, ಪ್ರತಿ ವಹಿವಾಟಿನ ಸಂಕೇತ ಒಮ್ಮೆ ಮಾತ್ರ ನಡೆಯುತ್ತದೆ. ನಿಜವಾದ ಪಾವತಿ ಯಂತ್ರವನ್ನೇ ನಿಮ್ಮ ಜೇಬಿಗೆ ತಾಗಿಸಿದರೂ ಹಣ ಹೋಗುವುದು ಹೆಸರು, ವಿಳಾಸ ಕೊಟ್ಟು ನೋಂದಾಯಿಸಿಕೊಂಡ ವ್ಯಾಪಾರಿಯ ಖಾತೆಗೆ, ಅದೂ ಪಿನ್ ಬೇಡದ ಮಿತಿಯೊಳಗೆ. ಜೇಬಿನಲ್ಲಿ ಎರಡು ಮೂರು ಟ್ಯಾಪ್ ಕಾರ್ಡುಗಳು ಒತ್ತೊತ್ತಾಗಿ ಇದ್ದರೆ ಓದುಗವೇ ಗೊಂದಲಕ್ಕೆ ಬೀಳುವುದುಂಟು. ಇಷ್ಟೆಲ್ಲ ಕಷ್ಟಪಡುವುದಕ್ಕಿಂತ ಇಡೀ ಪರ್ಸನ್ನೇ ಎಗರಿಸುವುದು ಕಳ್ಳನಿಗೆ ಲಾಭ. ತರಂಗ ತಡೆಯುವ ಪರ್ಸಿಗೆ ಮಾಡುವ ಖರ್ಚನ್ನು ಝಿಪ್ ಇರುವ ಒಳಜೇಬಿಗೆ ಮಾಡಿದರೆ ಹೆಚ್ಚು ಸಾರ್ಥಕ ಎಂದು ನಮ್ಮ ಅಭಿಪ್ರಾಯ.

ಟ್ಯಾಪ್ ತಂತ್ರಜ್ಞಾನದ ನಿಜವಾದ ದುರ್ಬಳಕೆ ಬೇರೊಂದು ದಾರಿಯಲ್ಲಿ ಬಂದಿದೆ. ‘ಎನ್‌ಗೇಟ್’ ಎಂಬ ಕುತಂತ್ರಾಂಶವನ್ನು ಇಸೆಟ್ ಭದ್ರತಾ ಸಂಸ್ಥೆ 2024ರಲ್ಲಿ ಬಯಲು ಮಾಡಿತು. ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಕಳಿಸಿ, ಆ್ಯಪ್ ಹಾಕಿಸಿ, ‘ಪರಿಶೀಲನೆಗಾಗಿ ಕಾರ್ಡನ್ನು ಫೋನಿನ ಹಿಂಬದಿಗೆ ಹಿಡಿಯಿರಿ, ಪಿನ್ ನಮೂದಿಸಿ’ ಎನ್ನುತ್ತಿದ್ದರು. ಹಿಡಿದ ಕೂಡಲೇ ಕಾರ್ಡಿನ ಸಂಕೇತ ದೂರದಲ್ಲಿ ಎಟಿಎಂ ಮುಂದೆ ನಿಂತವನ ಫೋನಿಗೆ ರವಾನೆಯಾಗುತ್ತಿತ್ತು. ಇಲ್ಲಿ ನೂಕುನುಗ್ಗಲೂ ಬೇಕಾಗಿಲ್ಲ, ಪರ್ಸಿನ ತಡೆಯೂ ಕೆಲಸಕ್ಕೆ ಬಾರದು.

ಹೋಟೆಲಿನಲ್ಲಿ ಬಿಲ್ಲಿನ ಜೊತೆ ಕಾರ್ಡನ್ನು ಒಳಗೆ ತೆಗೆದುಕೊಂಡು ಹೋಗುತ್ತಾರೆ. ಕೊಡಬಹುದೇ?

ಕೊಡಬೇಡಿ. ‘ಯಂತ್ರವನ್ನು ಇಲ್ಲಿಗೇ ತನ್ನಿ’ ಎಂದು ಕೇಳಿ, ಅಥವಾ ನೀವೇ ಎದ್ದು ಕೌಂಟರಿಗೆ ಹೋಗಿ. ಕಾರ್ಡ್ ಕಣ್ಮರೆಯಾದ ಅರೆ ನಿಮಿಷದಲ್ಲಿ ಎರಡೂ ಬದಿಯ ಫೋಟೋ ತೆಗೆದುಕೊಂಡರೆ ಸಾಕು, ಪಿನ್ ಇಲ್ಲದೆ ಆನ್‌ಲೈನ್ ಖರೀದಿಗೆ, ಓಟಿಪಿ ಕೇಳದ ತಾಣಗಳಲ್ಲಾದರೆ, ಬೇಕಾದದ್ದೆಲ್ಲ ಸಿಕ್ಕಿಬಿಡುತ್ತದೆ. ಪಿನ್ ಒತ್ತುವ ಮೊದಲು ಪರದೆಯ ಮೇಲಿನ ಮೊತ್ತವನ್ನು ಓದಿ. ಪಿನ್ ಅನ್ನು ಬಾಯಿಬಿಟ್ಟು ಹೇಳಿ, ಸಿಬ್ಬಂದಿಯೇ ಒತ್ತಲು ಬಿಡುವ ರೂಢಿ ಕೆಲವೆಡೆ ಇದೆ. ಎಷ್ಟೇ ಪರಿಚಯದ ಜಾಗವಾದರೂ ಅದು ಬೇಡ, ಏಕೆಂದರೆ ಕೇಳಿಸಿಕೊಳ್ಳುವವರು ಅವರೊಬ್ಬರೇ ಆಗಿರುವುದಿಲ್ಲ.

ಕಾರ್ಡಿನ ಬದಲು ಫೋನಿನಿಂದ ಟ್ಯಾಪ್ ಮಾಡುವುದು ಸುರಕ್ಷಿತವೇ?

ಬಹುಮಟ್ಟಿಗೆ ಹೌದು. 2014ರಿಂದ ಬಳಕೆಗೆ ಬಂದ ಟೋಕನ್ ಪದ್ಧತಿಯಲ್ಲಿ ಫೋನ್ ನಿಮ್ಮ ನಿಜವಾದ ಕಾರ್ಡ್ ಸಂಖ್ಯೆಯನ್ನು ಅಂಗಡಿಗೆ ಕೊಡುವುದೇ ಇಲ್ಲ. ಆ ಫೋನಿಗೆಂದೇ ನೀಡಿದ ಬದಲಿ ಸಂಖ್ಯೆಯೊಂದನ್ನು ಕೊಡುತ್ತದೆ. ಅದನ್ನು ಯಾರಾದರೂ ಕದ್ದರೂ ಬೇರೆಡೆ ಬಳಸಲಾಗದು. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳ ಪಾವತಿ ಯಂತ್ರಗಳಿಗೆ ಕುತಂತ್ರಾಂಶ ನುಗ್ಗಿ ಸುಮಾರು 4 ಕೋಟಿ ಕಾರ್ಡುಗಳ ಮಾಹಿತಿ ಸೋರಿಹೋಗಿತ್ತು. ಗ್ರಾಹಕರು ಎಷ್ಟೇ ಜಾಗ್ರತೆಯಿಂದ ಇದ್ದಿದ್ದರೂ ಅದನ್ನು ತಡೆಯಲಾಗುತ್ತಿರಲಿಲ್ಲ. ಅಂಥ ಕಡೆ ಟೋಕನ್ನಿನ ಬೆಲೆ ತಿಳಿಯುತ್ತದೆ.

ಆದರೆ ಈಗ ಕಳ್ಳರ ಕಣ್ಣು ಫೋನಿನ ಮೇಲಿದೆ. ನೀವು ಪಾಸ್‌ಕೋಡ್ ಒತ್ತುವುದನ್ನು ನೋಡಿಕೊಂಡು, ತೆರೆದ ಫೋನನ್ನೇ ಕಸಿದು ಓಡುವುದು ಅವರ ಹೊಸ ರೀತಿ. ಜನರ ನಡುವೆ ಇರುವಾಗ ಬೆರಳಚ್ಚು ಅಥವಾ ಮುಖ ಗುರುತಿನಿಂದಲೇ ಫೋನ್ ತೆರೆಯಿರಿ, ಬ್ಯಾಂಕ್ ಆ್ಯಪಿಗೆ ಬೇರೆಯದೇ ಪಿನ್ ಇಡಿ, ಕಾರ್ಡಿನ ಫೋಟೋಗಳನ್ನು ಗ್ಯಾಲರಿಯಿಂದ ಇವತ್ತೇ ಅಳಿಸಿ.

ನಿಲ್ದಾಣದ ಉಚಿತ ವೈಫೈನಲ್ಲಿ ಕಾರ್ಡ್ ಸಂಖ್ಯೆ ಹಾಕಬಹುದೇ?

ಬ್ಯಾಂಕ್ ಆ್ಯಪುಗಳೂ ಪಾವತಿ ತಾಣಗಳೂ ಈಗ ಮಾಹಿತಿಯನ್ನು ಗೂಢಲಿಪಿಯಲ್ಲೇ ಕಳಿಸುವುದರಿಂದ, ಪಕ್ಕದಲ್ಲಿ ಕೂತವನು ಗಾಳಿಯಲ್ಲಿ ಹಿಡಿದು ಓದುವ ಭಯ ಮೊದಲಿನಷ್ಟು ಇಲ್ಲ. ಅಪಾಯವಿರುವುದು ಸುಳ್ಳು ಪುಟಗಳಲ್ಲಿ. ‘ಉಚಿತ’ ಸಂಪರ್ಕಕ್ಕೆ ಕಾರ್ಡ್ ವಿವರ ಕೇಳಿದರೆ ಅಲ್ಲಿಗೆ ಬಿಟ್ಟುಬಿಡಿ. ಬ್ರೌಸರ್ ಪ್ರಮಾಣಪತ್ರದ ಎಚ್ಚರಿಕೆ, ಅಂದರೆ ಈ ತಾಣವನ್ನು ನಂಬಲಾಗದು ಎಂಬ ಸೂಚನೆ, ತೋರಿಸಿದರೆ ಮುಂದುವರಿಯಬೇಡಿ. ಮೊಬೈಲ್ ಡೇಟಾ ಇದ್ದಾಗ ಈ ಯಾವ ಯೋಚನೆಯೂ ಬೇಕಿಲ್ಲ.

ಕ್ಯೂಆರ್ ಕೋಡ್‌ನಲ್ಲೂ ಮೋಸ ಇದೆಯೇ?

ಪಾರ್ಕಿಂಗ್ ಯಂತ್ರದಂಥ ಕಡೆ ಮೂಲ ಕೋಡಿನ ಮೇಲೆ ಬೇರೊಂದು ಸ್ಟಿಕ್ಕರ್ ಅಂಟಿಸುತ್ತಾರೆ. ಅಂಚನ್ನು ಉಗುರಿನಿಂದ ತಡವಿ ನೋಡಿ, ಹಣ ಸೇರುವವರ ಹೆಸರನ್ನೂ ತಾಣದ ವಿಳಾಸವನ್ನೂ ಓದಿ.

ಪಿನ್ ಅನ್ನು ತಿರುವುಮುರುವಾಗಿ ಒತ್ತಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ ಎಂಬುದು ನಿಜವೇ?

ಸುಳ್ಳು. ವರ್ಷಗಳಿಂದ ಹರಿದಾಡುತ್ತಿರುವ ಈ ಸಂದೇಶಕ್ಕೆ ಆಧಾರವಿಲ್ಲ. 1221ರಂಥ ಪಿನ್ ಇಟ್ಟುಕೊಂಡವರ ಗತಿಯೇನು ಎಂದು ಯೋಚಿಸಿದರೂ ಸಾಕು. ರದ್ದು ಗುಂಡಿಯನ್ನು ಎರಡು ಬಾರಿ ಒತ್ತಿದರೆ ಪಿನ್ ಕಳ್ಳತನ ತಪ್ಪುತ್ತದೆ ಎಂಬುದೂ ಇದೇ ಜಾತಿಗೆ ಸೇರಿದ್ದು. ಯಾರಾದರೂ ನಿಜವಾಗಿಯೂ ಬೆದರಿಸಿ ಹಣ ಕೇಳಿದರೆ ಕೊಟ್ಟುಬಿಡಿ. ಜಾಣತನ ತೋರಿಸುವ ಹೊತ್ತು ಅದಲ್ಲ. ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಕಾರ್ಡ್ ಬ್ಲಾಕ್ ಮಾಡಿಸಿ, ಪೊಲೀಸರಿಗೆ ತಿಳಿಸಿ.

ಹೊರಗೆ ಹೋಗುವಾಗ ಡೆಬಿಟ್ ಕಾರ್ಡ್ ಒಳ್ಳೆಯದೋ ಕ್ರೆಡಿಟ್ ಕಾರ್ಡೋ?

ಕಳ್ಳತನದ ದೃಷ್ಟಿಯಿಂದ ಮಾತ್ರ ನೋಡಿದರೆ ಕ್ರೆಡಿಟ್ ಕಾರ್ಡ್. ಡೆಬಿಟ್ ಕಾರ್ಡಿನಿಂದ ಹೋಗುವುದು ಖಾತೆಯಲ್ಲಿದ್ದ ನಿಮ್ಮದೇ ಹಣ, ಅದು ಮರಳಿ ಬರುವ ತನಕ ಬಾಡಿಗೆ, ಕಂತುಗಳು ಕಾಯುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ನೀವು ತಕರಾರು ತೆಗೆಯುವುದು ಇನ್ನೂ ಕಟ್ಟದ ಬಿಲ್ಲಿನ ಬಗ್ಗೆ. ಯಾವುದನ್ನೇ ಒಯ್ದರೂ ಬೇಕಾದ ಒಂದೆರಡನ್ನು ಮಾತ್ರ ಒಯ್ಯಿರಿ, ಡೆಬಿಟ್ ಕಾರ್ಡ್ ಜೋಡಿಸಿದ ಖಾತೆಯಲ್ಲಿ ಉಳಿತಾಯವನ್ನೆಲ್ಲ ಇಡಬೇಡಿ, ಆ್ಯಪಿನಲ್ಲಿ ವಿದೇಶಿ ಬಳಕೆ, ಆನ್‌ಲೈನ್ ಬಳಕೆ, ದಿನದ ಮಿತಿ ಇವುಗಳನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಸೌಲಭ್ಯ ಇದ್ದರೆ ಬಳಸಿಕೊಳ್ಳಿ.

ಮಾಹಿತಿ ಕಳುವಾಗಿದೆ ಎಂದು ತಿಳಿಯುವುದು ಹೇಗೆ?

ಪ್ರತಿ ವಹಿವಾಟಿಗೂ ಸಂದೇಶ ಬರುವಂತೆ ಮಾಡಿಸಿಕೊಳ್ಳುವುದು ಮೊದಲ ಕೆಲಸ. ನೀವು ಮಾಡದ ತೀರ ಸಣ್ಣ ಮೊತ್ತದ ಖರೀದಿಯೊಂದು ಕಂಡರೆ ‘ಇಷ್ಟೇ ತಾನೇ’ ಎಂದು ಬಿಡಬೇಡಿ. ಕದ್ದ ಕಾರ್ಡ್ ಇನ್ನೂ ಜೀವಂತವಿದೆಯೇ ಎಂದು ನೋಡಲು ಕಳ್ಳರು ಮೊದಲು ಚಿಲ್ಲರೆ ಮೊತ್ತವನ್ನೇ ಪ್ರಯೋಗಿಸುತ್ತಾರೆ. ದೊಡ್ಡ ಪೆಟ್ಟು ಬೀಳುವುದು ಅದಾದ ಮೇಲೆ. ಕೇಳದೆಯೇ ಬಂದ ಓಟಿಪಿಯೂ ಅಂಥದ್ದೇ ಸೂಚನೆ.

ಕಾರ್ಡ್ ಕಳೆದಿದೆ ಎಂದು ಗೊತ್ತಾದ ಕ್ಷಣದಿಂದ ಏನೇನು ಮಾಡಬೇಕು?

ಹುಡುಕುವುದಕ್ಕೂ ಮೊದಲು ಆ್ಯಪಿನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಸಿಕ್ಕರೆ ಮತ್ತೆ ತೆರೆಯಬಹುದು. ಸಿಗಲಿಲ್ಲವೆಂದರೆ, ಅಥವಾ ನಿಮ್ಮದಲ್ಲದ ವಹಿವಾಟು ಕಂಡರೆ, ಬ್ಯಾಂಕಿಗೆ ಕರೆ ಮಾಡಿ ಶಾಶ್ವತವಾಗಿ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆಯನ್ನೂ ಕರೆ ಮಾಡಿದ ಸಮಯವನ್ನೂ ಬರೆದಿಟ್ಟುಕೊಳ್ಳಿ. ಅನೇಕ ದೇಶಗಳ ನಿಯಮಗಳಲ್ಲಿ ನಷ್ಟದ ಎಷ್ಟು ಪಾಲು ನಿಮ್ಮ ಮೇಲೆ ಬೀಳುತ್ತದೆ ಎಂಬುದು ನೀವು ಎಷ್ಟು ಬೇಗ ತಿಳಿಸಿದಿರಿ ಎಂಬುದರ ಮೇಲೆ ನಿಂತಿರುವುದರಿಂದ, ಆ ಸಮಯಕ್ಕೆ ಸಾಕ್ಷಿ ಇರುವುದು ಮುಖ್ಯ. ಪೊಲೀಸ್ ದೂರಿನ ಪ್ರತಿಯನ್ನು ಬ್ಯಾಂಕ್ ಕೇಳಬಹುದು, ಪಡೆದುಕೊಂಡಿರಿ. ತಕರಾರು ಅರ್ಜಿಯಲ್ಲಿ ನಿಮ್ಮದಲ್ಲದ ವಹಿವಾಟುಗಳ ದಿನಾಂಕ, ಸಮಯ, ಮೊತ್ತವನ್ನು ಒಂದೊಂದಾಗಿ ಬರೆಯಿರಿ, ಆ ಹೊತ್ತಿಗೆ ಕಾರ್ಡ್ ನಿಮ್ಮ ಬಳಿಯೇ ಇತ್ತೆಂದಾದರೆ ಅದನ್ನೂ ನಮೂದಿಸಿ. ಆ ಕಾರ್ಡಿಗೆ ಜೋಡಿಸಿದ್ದ ತಿಂಗಳ ಪಾವತಿಗಳು ನಿಂತುಹೋಗುವುದನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಹೊಸ ಸಂಖ್ಯೆ ಬಂದ ಮೇಲೆ ಅವನ್ನೂ ಸರಿಪಡಿಸಬೇಕು.

ಬ್ಲಾಕ್ ಮಾಡಿಸಿದ ಮೇಲೆ ಬ್ಯಾಂಕಿನವರೆಂದು ಒಬ್ಬರು ಕರೆ ಮಾಡಿ ಪಿನ್ ಕೇಳುತ್ತಿದ್ದಾರೆ. ಕೊಡಬೇಕೇ?

ಆ ಕರೆಯನ್ನು ಅಲ್ಲಿಗೇ ಮುಗಿಸಿ. ಪರ್ಸ್ ಕದ್ದವನಿಗೆ ನಿಮ್ಮ ಹೆಸರು, ಬ್ಯಾಂಕು, ಕಾರ್ಡ್ ಸಂಖ್ಯೆ ಎಲ್ಲವೂ ಗೊತ್ತಿರುತ್ತದೆ, ಎಷ್ಟೋ ವೇಳೆ ಅದೇ ಪರ್ಸಿನ ವಿಸಿಟಿಂಗ್ ಕಾರ್ಡಿನಿಂದ ಫೋನ್ ಸಂಖ್ಯೆಯೂ ಸಿಕ್ಕಿರುತ್ತದೆ. ಅವನಿಗೆ ಉಳಿದಿರುವುದು ಪಿನ್ ಅಥವಾ ಓಟಿಪಿ ಮಾತ್ರ. ಗಾಬರಿಯಲ್ಲಿರುವವರು ‘ನಿಮ್ಮ ದೂರು ದಾಖಲಿಸಲು’ ಎಂಬ ಮಾತಿಗೆ ಬೇಗ ಒಲಿಯುತ್ತಾರೆಂದು ಅವನಿಗೆ ತಿಳಿದಿದೆ. ಯಾವ ಬ್ಯಾಂಕಿಗೂ ಕಾರ್ಡ್ ಬ್ಲಾಕ್ ಮಾಡಲು ನಿಮ್ಮ ಪಿನ್ ಬೇಕಾಗಿಲ್ಲ. ಸಂದೇಹವಿದ್ದರೆ ಕರೆ ಕತ್ತರಿಸಿ, ನಿಮ್ಮಲ್ಲಿ ಮೊದಲೇ ಇದ್ದ ಸಂಖ್ಯೆಗೆ, ಸಾಧ್ಯವಾದರೆ ಬೇರೊಂದು ಫೋನಿನಿಂದ, ನೀವೇ ಕರೆ ಮಾಡಿ ವಿಚಾರಿಸಿ.